ನೊವೊಮಿಯ ಬರಿಗೈ: ದೇವರೊಡನೆ ಸಮಾಧಾನವಾಗುವ ವಿಷಯದಲ್ಲಿ ಒಂದು ವೇದಪಾಠ

ಓದತಕ್ಕ ಭಾಗಗಳು: ರೂತಳು 1ರಿಂದ 4ನೆಯ ಅಧ್ಯಾಯಗಳು; ಮತ್ತಾಯ 5:23–24; 2 ಕೊರಿಂಥ 5:18–20.

ರೂತಳ ಚರಿತ್ರೆಯನ್ನು ಕೇಳದೆ ನಮ್ಮ ಶಾಲೆಯಿಂದ ಹೊರಟುಹೋದ ಹುಡುಗಿಯು ಒಬ್ಬಳಾದರೂ ಇರಲಾರಳು. ಬೆಳಗಿನ ವೇದಪಾಠದಲ್ಲಿ ಅದನ್ನು ಓದಿದವರೂ, ಶಾಲೆಯ ಉತ್ಸವದಲ್ಲಿ ತೆನೆಯ ಹೊರೆಯನ್ನು ತಲೆಯ ಮೇಲೆ ಹೊತ್ತು ಅದನ್ನು ಅಭಿನಯಿಸಿದವರೂ ನಮ್ಮಲ್ಲಿ ಅನೇಕರುಂಟು. ಆಗಿನ ವಯಸ್ಸಿನಲ್ಲಿ ನಮ್ಮ ದೃಷ್ಟಿಯೆಲ್ಲಾ ರೂತಳ ಮೇಲೆಯೇ ಇದ್ದಿತು. ನೊವೊಮಿಯೆಂದರೆ ಅವಳ ಹಿಂದೆ ಕಪ್ಪು ಸೆರಗನ್ನು ಹೊದ್ದು ನಿಂತ ಮುದುಕಿ, ಅಷ್ಟೇ. ಆದರೆ ಸಂಸಾರದ ಭಾರವು ಹೆಗಲಿಗೆ ಬಂದು, ಮನೆಯಲ್ಲಿ ಒಂದೆರಡು ಮರಣಗಳಾಗಿ, ಒಡಹುಟ್ಟಿದವರೊಡನೆ ಮಾತು ನಿಂತುಹೋದ ದಿನಗಳನ್ನು ಕಂಡ ಮೇಲೆ ಅದೇ ಪುಸ್ತಕವನ್ನು ತೆರೆದರೆ, ಅದು ಬಹುಮಟ್ಟಿಗೆ ನೊವೊಮಿಯ ಚರಿತ್ರೆಯೇ ಎಂದು ನಮಗೆ ತೋರುತ್ತದೆ. ಆಕೆಯ ದುಃಖದಿಂದ ಅದು ಆರಂಭವಾಗುತ್ತದೆ. ಆಕೆಯ ಮಡಿಲಿನಲ್ಲಿ ಒಂದು ಮಗುವನ್ನಿಟ್ಟು ಅದು ಮುಗಿಯುತ್ತದೆ. ಈ ಎರಡರ ನಡುವೆ, ದೇವರ ಮೇಲೆ ಮುನಿದ ಒಂದು ಹೃದಯವು ಪುನಃ ದೇವರ ಕಡೆಗೆ ತಿರುಗಿದ ಬಗೆಯನ್ನು ಈ ಪಾಠದಲ್ಲಿ ವಿಚಾರಿಸೋಣ.

ಮೊದಲು ಒಂದು ಶಬ್ದದ ಕುರಿತು ಹೇಳತಕ್ಕದ್ದಿದೆ. ಮುರಿದ ಸಂಬಂಧವು ಮತ್ತೆ ಕೂಡುವುದಕ್ಕೆ ನಮ್ಮ ಕನ್ನಡ ಸತ್ಯವೇದದಲ್ಲಿ ಸಮಾಧಾನವೆಂಬ ಶಬ್ದವನ್ನು ಪ್ರಯೋಗಿಸಿದ್ದಾರೆ. ಅಳುವವರನ್ನು ಸಂತೈಸುವುದಕ್ಕೂ ನಾವು ಇದೇ ಶಬ್ದವನ್ನು ಉಪಯೋಗಿಸುತ್ತೇವೆ. ಜಗಳವಾಡಿದವರನ್ನು ಒಂದುಗೂಡಿಸುವುದಕ್ಕೂ ಇದನ್ನೇ ಹೇಳುತ್ತೇವೆ. ಇದು ನಮ್ಮ ಭಾಷೆಯ ಒಂದು ಭಾಗ್ಯವೆನ್ನಬೇಕು. ಯಾಕಂದರೆ ದುಃಖಿಸುವವನಿಗೆ ಬೇಕಾದದ್ದು ಬರಿಯ ಸಾಂತ್ವನವಲ್ಲ. ತನ್ನ ದುಃಖದಿಂದ ದೂರವಾಗಿಹೋದ ದೇವರೊಡನೆಯೂ ಮನುಷ್ಯರೊಡನೆಯೂ ಆತನು ಪುನಃ ಕೂಡಬೇಕು.

1. ಬರಗಾಲವೂ ಮೂರು ಸಮಾಧಿಗಳೂ

ಬೇತ್ಲೆಹೇಮ್ ಎಂಬ ಹೆಸರಿಗೆ ರೊಟ್ಟಿಯ ಮನೆ ಎಂದರ್ಥ. ನ್ಯಾಯಸ್ಥಾಪಕರ ಕಾಲದಲ್ಲಿ ಆ ಊರಿನಲ್ಲಿಯೇ ಬರಗಾಲವುಂಟಾಗಲು ಎಲೀಮೆಲೆಕನು ತನ್ನ ಹೆಂಡತಿಯಾದ ನೊವೊಮಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಕರಕೊಂಡು ಮೋವಾಬ್ ದೇಶಕ್ಕೆ ಹೋದನು. ಅಲ್ಲಿ ಆತನು ಸತ್ತನು. ಗಂಡುಮಕ್ಕಳು ಆ ದೇಶದ ಒರ್ಫಾ, ರೂತ್ ಎಂಬ ಹೆಣ್ಣುಗಳನ್ನು ಮದುವೆಯಾದರು. ಹೆಚ್ಚುಕಡಿಮೆ ಹತ್ತು ವರುಷಗಳಾದ ಮೇಲೆ ಅವರಿಬ್ಬರೂ ಸತ್ತರು. ಇಷ್ಟನ್ನೆಲ್ಲಾ ಗ್ರಂಥಕರ್ತನು ಐದೇ ವಚನಗಳಲ್ಲಿ ಹೇಳಿಬಿಡುತ್ತಾನೆ. ಪರದೇಶದಲ್ಲಿ ಮೂರು ಸಮಾಧಿಗಳು, ಮೊಮ್ಮಕ್ಕಳಿಲ್ಲ, ಉಳಿದವರು ಮೂವರು ವಿಧವೆಯರು.

ಸ್ವದೇಶವನ್ನು ಬಿಟ್ಟು ಮೋವಾಬಿಗೆ ಹೋದದ್ದಕ್ಕೆ ದೇವರು ಕೊಟ್ಟ ಶಿಕ್ಷೆಯೇ ಈ ಮರಣಗಳೆಂದು ಕೆಲವರು ವ್ಯಾಖ್ಯಾನಿಸುವುದುಂಟು. ಆದರೆ ಗ್ರಂಥವು ಹಾಗೆ ಹೇಳುವುದೇ ಇಲ್ಲ. ಅವರು ಯಾಕೆ ಸತ್ತರೆಂಬದಕ್ಕೆ ಅದು ಯಾವ ಕಾರಣವನ್ನೂ ಕೊಡದೆ ಮೌನವಾಗಿದೆ. ಗ್ರಂಥವು ಮೌನವಾಗಿರುವ ಸ್ಥಳದಲ್ಲಿ ನಾವೂ ಮೌನವಾಗಿರುವುದು ಯುಕ್ತವು. ಮಗುವನ್ನು ಕಳಕೊಂಡ ತಾಯಿಯ ಮನೆಗೆ ಹೋಗಿ, ಇದು ಯಾವ ತಪ್ಪಿಗೆ ಬಂದ ಫಲವೋ ಎಂದು ಪಿಸುಗುಟ್ಟುವವರು ಈ ಐದು ವಚನಗಳನ್ನು ಮತ್ತೊಮ್ಮೆ ಓದಲಿ.

2. ದೂರು ಹೇಳುವ ಹೃದಯ

ತನ್ನ ದೇಶದಲ್ಲಿ ಪುನಃ ಆಹಾರ ಸಿಕ್ಕುತ್ತದೆಂಬ ಸುದ್ದಿಯನ್ನು ಕೇಳಿ ನೊವೊಮಿಯು ಹೊರಟಳು. ದಾರಿಯಲ್ಲಿ ಸೊಸೆಯರನ್ನು ಅವರವರ ತಾಯಿಯ ಮನೆಗೆ ಹಿಂದಿರುಗಿರೆಂದು ಬೇಡಿಕೊಂಡಳು. ನೀವು ಸತ್ತವರಿಗೂ ನನಗೂ ದಯೆ ತೋರಿದಂತೆ ಯೆಹೋವನು ನಿಮಗೆ ದಯೆ ತೋರಲಿ ಎಂದು ಹರಸಿದಳು. ಇಲ್ಲಿ ದಯೆಯೆಂಬದಕ್ಕೆ ಇಬ್ರಿಯ ಮೂಲದಲ್ಲಿ ಹೆಸೆದ್ ಎಂಬ ಶಬ್ದವಿದೆ. ಕೈಬಿಡದೆ ಹಿಡಿದುಕೊಂಡಿರುವ ಪ್ರೀತಿಯೆಂದು ಅದರ ಭಾವ. ದೇವರಲ್ಲಿ ಅಂಥ ದಯೆಯುಂಟೆಂದು ನೊವೊಮಿಯು ನಂಬಿದ್ದಳು. ಇತರರಿಗೆ ಅದು ದೊರೆಯಲೆಂದು ಬೇಡಿಕೊಳ್ಳಲೂ ಬಲ್ಲವಳಾಗಿದ್ದಳು. ಆದರೆ ತನ್ನ ವಿಷಯಕ್ಕೆ ಬಂದಾಗ, ಯೆಹೋವನ ಕೈ ತನಗೆ ವಿರೋಧವಾಗಿ ಎದ್ದಿದೆ ಎಂದಳು. ದೇವರ ಪ್ರೀತಿಯು ಎಲ್ಲರಿಗೂ ಉಂಟು, ನನಗೊಬ್ಬಳಿಗೆ ಮಾತ್ರ ಇಲ್ಲ: ಬಹು ಕಾಲ ಗೋಳಾಡಿದ ಹೃದಯವು ಬಂದು ನಿಲ್ಲುವ ಸ್ಥಳವಿದು. ಆಲಯಕ್ಕೆ ತಪ್ಪದೆ ಬರುವವರಲ್ಲಿಯೂ, ನೆರೆಯವರ ಮಕ್ಕಳಿಗಾಗಿ ಪ್ರಾರ್ಥಿಸುವವರಲ್ಲಿಯೂ ಇಂಥ ಹೃದಯವು ಅಡಗಿರಬಹುದು.

ಬೇತ್ಲೆಹೇಮಿನ ಬಾಗಿಲಿಗೆ ಬಂದಾಗ ಊರಿನ ಹೆಂಗಸರೆಲ್ಲಾ ಗುಂಪುಗೂಡಿ, ಇವಳು ನೊವೊಮಿಯೋ ಎಂದು ಬೆರಗಾದರು. ನೊವೊಮಿ ಎಂದರೆ ರಮ್ಯವಾದವಳು. ಆಕೆಯು ಆ ಹೆಸರನ್ನು ಬೇಡವೆಂದು, ತನ್ನನ್ನು ಮಾರಾ ಎಂದು, ಅಂದರೆ ಕಹಿಯಾದವಳೆಂದು, ಕರೆಯಿರಿ ಎಂದಳು. ತುಂಬಿದವಳಾಗಿ ಹೋದ ತನ್ನನ್ನು ಯೆಹೋವನು ಬರಿಗೈಯವಳನ್ನಾಗಿ ಮಾಡಿ ತಂದನೆಂದಳು. ಆಕೆಯು ಹೊರಟದ್ದು ಬರಗಾಲದಲ್ಲಿ, ಕಣಜ ಬರಿದಾದಾಗ. ಆದರೂ ತುಂಬಿದವಳಾಗಿ ಹೋದೆನೆನ್ನುತ್ತಾಳೆ. ಯಾಕಂದರೆ ಆಗ ಗಂಡನೂ ಇಬ್ಬರು ಮಕ್ಕಳೂ ಜೊತೆಯಲ್ಲಿದ್ದರು. ಹೊಟ್ಟೆಗಿಲ್ಲದಿದ್ದರೂ ಮನೆಯು ತುಂಬಿತ್ತು. ಈಗ ಊರಿನಲ್ಲಿ ಸುಗ್ಗಿಯಿದೆ, ಮನೆ ಬರಿದಾಗಿದೆ.

ಈ ಮಾತುಗಳು ಕಠಿನವಾದವುಗಳೇ ಸರಿ. ಆದರೂ ಅವುಗಳನ್ನು ಆಡಿದ್ದಕ್ಕೆ ಆಕೆಗೆ ಗದರಿಕೆಯಾಗಲಿಲ್ಲ. ಸ್ವರ್ಗದಿಂದ ಖಂಡನೆ ಬರಲಿಲ್ಲ. ನೆರೆಯ ಹೆಂಗಸರೂ ಉಪದೇಶಮಾಡಲಿಲ್ಲ. ದೂರನ್ನಾದರೂ ಆಕೆಯು ದೇವರ ಹೆಸರೆತ್ತಿಯೇ ಹೇಳಿದಳು. ಇದಲ್ಲದೆ, ಮುನಿಸಿಕೊಂಡಿದ್ದರೂ ಆಕೆಯ ಕಾಲುಗಳು ನಡೆದದ್ದು ದೇವರ ಜನರಿದ್ದ ಊರಿನ ಕಡೆಗೇ. ಹೃದಯಕ್ಕೆ ಸಮಾಧಾನವಾಗುವುದಕ್ಕಿಂತ ಮುಂಚೆ ಕಾಲುಗಳು ಹಿಂದಿರುಗಬಹುದೆಂಬದು ಇದರಿಂದ ನಮಗೆ ದೊರೆಯುವ ಮೊದಲನೆಯ ಬೋಧೆ.

3. ಪಕ್ಕದಲ್ಲಿ ನಿಂತಿದ್ದವಳು

ತಾನು ಬರಿಗೈಯಲ್ಲಿ ಬಂದೆನೆಂದು ನೊವೊಮಿಯು ಹೇಳುವಾಗ ರೂತಳು ಎಲ್ಲಿದ್ದಳು? ಪಕ್ಕದಲ್ಲಿಯೇ ನಿಂತಿದ್ದಳು. ತಾಯಿಯನ್ನೂ ದೇಶವನ್ನೂ ದೇವರುಗಳನ್ನೂ ಬಿಟ್ಟು, ಮರಣದ ತನಕ ನಿನ್ನನ್ನು ಅಗಲುವುದಿಲ್ಲವೆಂದು ಮಾತು ಕೊಟ್ಟು, ದಾರಿಯ ಧೂಳನ್ನೆಲ್ಲಾ ಜೊತೆಯಲ್ಲಿ ತುಳಿದು ಬಂದವಳು ಆ ಮಾತನ್ನು ಕಿವಿಯಾರೆ ಕೇಳಿದಳು. ನೊವೊಮಿಯ ಲೆಕ್ಕದಲ್ಲಿ ಅವಳು ಸೇರಲಿಲ್ಲ. ಅತ್ತೆಯ ದುಷ್ಟತನದಿಂದ ಹೀಗಾಯಿತೆಂದು ಹೇಳಲಾಗದು. ಕಳೆದುಹೋದವರನ್ನೇ ನೋಡುತ್ತಿರುವ ಕಣ್ಣಿಗೆ ಉಳಿದವರು ಕಾಣಿಸುವುದಿಲ್ಲ. ತೀರಿಹೋದ ಮಗನನ್ನು ನೆನಸಿ ಅಳುವ ಮನೆಯಲ್ಲಿ, ಬದುಕಿರುವ ಮಗಳು ಶಾಲೆಯಿಂದ ಬಂದು ಊಟವಿಲ್ಲದೆ ಮಲಗಿದ್ದನ್ನು ಯಾರೂ ಗಮನಿಸದಿರಬಹುದು. ರೂತಳು ಆ ಮಾತಿಗೆ ಏನೂ ಪ್ರತ್ಯುತ್ತರ ಕೊಡಲಿಲ್ಲ. ಮರುದಿನ ಕೆಲಸಕ್ಕೆ ಹೋಗಲು ಅಪ್ಪಣೆ ಕೇಳಿದಳು.

ಒರ್ಫಾಳನ್ನೂ ನಾವು ಇಲ್ಲಿ ಮರೆಯಬಾರದು. ಅವಳು ಅತ್ತೆಗೆ ಮುದ್ದಿಟ್ಟು, ಅತ್ತು, ತನ್ನ ಜನರ ಬಳಿಗೆ ಹಿಂದಿರುಗಿದಳು. ಗ್ರಂಥವು ಅವಳನ್ನು ನಿಂದಿಸುವುದಿಲ್ಲ. ನೊವೊಮಿಯ ಆಶೀರ್ವಾದವು ಅವಳ ಮೇಲೆಯೂ ಇದ್ದಿತು. ಎಲ್ಲಾ ಅಗಲಿಕೆಗಳೂ ಈ ಲೋಕದಲ್ಲಿ ಕೂಡುವಿಕೆಯಾಗಿ ಮುಗಿಯುವುದಿಲ್ಲ. ಕೆಲವರನ್ನು ನಾವು ದಾರಿಯಲ್ಲಿ ಹರಸಿ ಕಳುಹಿಸಿಕೊಡಬೇಕಾಗುತ್ತದೆ. ಆದರೆ ಶಪಿಸಿ ಕಳುಹಿಸುವುದು ಬೇರೆ, ಹರಸಿ ಕಳುಹಿಸುವುದು ಬೇರೆ.

4. ಹಕ್ಕಲಾಯುವ ಹೊಲ

ಹೊಲವನ್ನು ಕೊಯ್ಯುವಾಗ ಮೂಲೆಯ ತನಕ ಕೊಯ್ಯಬಾರದು, ಬಿದ್ದ ತೆನೆಯನ್ನು ಆಯಬಾರದು, ಮರೆತ ಸಿವುಡನ್ನು ತರುವುದಕ್ಕೆ ಹಿಂದಿರುಗಬಾರದು, ಅವು ಬಡವರಿಗೂ ಪರದೇಶಿಗೂ ವಿಧವೆಗೂ ಸೇರತಕ್ಕವುಗಳೆಂದು ಮೋಶೆಯ ಧರ್ಮಶಾಸ್ತ್ರದಲ್ಲಿ ವಿಧಿಯಿದೆ (ಯಾಜಕಕಾಂಡ 19:9–10, ಧರ್ಮೋಪದೇಶಕಾಂಡ 24:19–22). ನಮ್ಮ ಹಳ್ಳಿಗಳಲ್ಲಿ ಜೋಳದ ಹೊಲದಲ್ಲಿಯೂ ರಾಗಿಯ ಹೊಲದಲ್ಲಿಯೂ ಹಕ್ಕಲಾಯುವವರನ್ನು ಕಂಡವರಿಗೆ ಇದನ್ನು ವಿವರಿಸಬೇಕಾದದ್ದಿಲ್ಲ. ಬಗ್ಗಿದ ಬೆನ್ನು, ಬಿಸಿಲು, ಹೊಲದವನು ಏನೆನ್ನುವನೋ ಎಂಬ ಅಂಜಿಕೆ, ಸಂಜೆಗೆ ಮಡಿಲಿನಲ್ಲಿ ಒಂದಿಷ್ಟು ಕಾಳು. ರೂತಳು ವಿಧವೆಯೂ ಪರದೇಶಿಯೂ ಬಡವಳೂ ಆಗಿ ಮೂರು ವಿಧದಿಂದಲೂ ಆ ಹಕ್ಕಲಿಗೆ ಬಾಧ್ಯಳಾಗಿದ್ದಳು. ಆದರೂ ಮೋವಾಬ್ಯರು ಯೆಹೋವನ ಸಭೆಗೆ ಸೇರಬಾರದೆಂಬ ಇನ್ನೊಂದು ವಿಧಿಯು (ಧರ್ಮೋಪದೇಶಕಾಂಡ 23:3) ಅವಳ ಹಣೆಯ ಮೇಲೆ ಬರೆದಂತಿದ್ದಿತು. ಹೊಲದ ಯಜಮಾನನಾದ ಬೋವಜನು ಈ ಎರಡರೊಳಗೆ ದಯೆಯ ವಿಧಿಯನ್ನೇ ಹಿಡಿದನು. ಅವಳಿಗೆ ನೀರನ್ನೂ ಊಟವನ್ನೂ ಕೊಟ್ಟನು. ಆಳುಗಳು ಅವಳನ್ನು ಮುಟ್ಟಬಾರದೆಂದು ಕಟ್ಟುಮಾಡಿದನು. ಸಿವುಡುಗಳಿಂದ ಬೇಕೆಂದೇ ತೆನೆಗಳನ್ನು ಎಳೆದು ಅವಳ ಮುಂದೆ ಬಿಡಿರೆಂದು ಹೇಳಿದನು. ಕೊಟ್ಟೆನೆಂಬ ಸೋಗಿಲ್ಲದೆ ಕೊಡುವ ಕ್ರಮವಿದು.

ಸಂಜೆಗೆ ರೂತಳು ಸುಮಾರು ಒಂದು ಏಫ ಜವೆಗೋಧಿಯನ್ನೂ, ಮಧ್ಯಾಹ್ನ ತಾನು ತಿಂದು ಮಿಗಿಸಿದ್ದ ಹುರಿದ ಕಾಳನ್ನೂ ಅತ್ತೆಯ ಮುಂದಿಟ್ಟಳು. ಹೊಲವು ಯಾರದೆಂದು ಕೇಳಿದೊಡನೆ ನೊವೊಮಿಯ ಬಾಯಿಂದ ಸ್ತೋತ್ರವು ಹೊರಟಿತು. ಜೀವಿಸುವವರಿಗೂ ಸತ್ತವರಿಗೂ ತೋರುವ ದಯೆಯು ಇನ್ನೂ ನಿಂತುಹೋಗಿಲ್ಲ ಎಂದಳು. ಅದೇ ಹೆಸೆದ್ ಎಂಬ ಶಬ್ದ! ದಾರಿಯಲ್ಲಿ ಸೊಸೆಯರ ಪಾಲಿಗೆ ಮಾತ್ರ ಬೇಡಿಕೊಂಡಿದ್ದ ದಯೆಯು ತನ್ನ ಮನೆಯ ಹೊಸ್ತಿಲನ್ನೂ ದಾಟಿ ಬಂದಿರುವುದನ್ನು ಆಕೆಯು ಈಗ ಕಂಡಳು. ಸತ್ತ ಗಂಡನು ಎದ್ದು ಬರಲಿಲ್ಲ. ಮಕ್ಕಳು ಮೋವಾಬಿನ ಮಣ್ಣಿನಲ್ಲಿಯೇ ಇದ್ದಾರೆ. ಯಾಕೆ ಸತ್ತರೆಂಬದಕ್ಕೆ ಉತ್ತರವೂ ದೊರೆಯಲಿಲ್ಲ. ಆದರೂ ದೇವರೊಡನೆ ಆಕೆಯ ಸಮಾಧಾನವು ಆ ಸಂಜೆಯಲ್ಲಿಯೇ ಆರಂಭವಾಯಿತು. ತನ್ನಿಂದ ಕಿತ್ತುಕೊಂಡಿತೆಂದು ತಾನು ದೂರಿದ ಕೈಯಿಂದಲೇ ಒಂದು ಹಿಡಿ ಹುರಿದ ಕಾಳನ್ನು ಆಕೆಯು ಸ್ವೀಕರಿಸಿದಳು. ಆ ಕಾಳನ್ನು ತಂದವಳೋ, ಲೆಕ್ಕದಲ್ಲಿ ಸೇರದೆ ಹೋಗಿದ್ದ ಸೊಸೆ.

5. ಬರಿಗೈ ತುಂಬಿದ ಬಗೆ

ಮೂರನೆಯ ಅಧ್ಯಾಯದಲ್ಲಿ ಬೋವಜನು ರೂತಳ ಹೊದಿಕೆಯಲ್ಲಿ ಆರು ಅಳತೆ ಜವೆಗೋಧಿಯನ್ನು ಸುರಿದು, ಅತ್ತೆಯ ಬಳಿಗೆ ಬರಿಗೈಯಲ್ಲಿ ಹೋಗಬೇಡವೆಂದು ಹೇಳಿ ಕಳುಹಿಸುತ್ತಾನೆ. ಊರಬಾಗಿಲಿನಲ್ಲಿ ತನ್ನ ಗೋಳನ್ನು ತೋಡಿಕೊಳ್ಳುವಾಗ ನೊವೊಮಿಯು ಬಳಸಿದ ಇಬ್ರಿಯ ಶಬ್ದವೇ ಇಲ್ಲಿಯೂ ಇದೆ. ಆಕೆಯ ದೂರನ್ನು ದೇವರು ಶಬ್ದಶಃ ಕೇಳಿಸಿಕೊಂಡಿದ್ದನೆಂಬದಕ್ಕೆ ಇದಕ್ಕಿಂತ ಸಾಕ್ಷಿಯು ಬೇಕೇ? ಈ ಪುಸ್ತಕದಲ್ಲಿ ದೇವರು ಎಲ್ಲಿಯೂ ಮಾತಾಡುವುದಿಲ್ಲ; ಕನಸಿಲ್ಲ, ದೇವದೂತನಿಲ್ಲ. ದೇವರು ನೇರವಾಗಿ ಮಾಡಿದ ಕಾರ್ಯವೆಂದು ಗ್ರಂಥಕರ್ತನು ಹೇಳುವುದು ಎರಡೇ: ತನ್ನ ಜನರಿಗೆ ಆಹಾರ ಕೊಟ್ಟದ್ದು, ರೂತಳಿಗೆ ಗರ್ಭವನ್ನು ಅನುಗ್ರಹಿಸಿದ್ದು. ಮಿಕ್ಕದ್ದೆಲ್ಲವೂ ನಂಬಿಗಸ್ತರಾದ ಮನುಷ್ಯರ ಕೈಗಳಿಂದಲೇ ನಡೆಯಿತು.

ಕಡೆಗೆ ಹತ್ತು ಮಂದಿ ಹಿರಿಯರ ಎದುರಿನಲ್ಲಿ, ತನ್ನ ಸ್ವಾಸ್ತ್ಯಕ್ಕೆ ನಷ್ಟವಾಗುವುದೆಂದು ಹೆದರಿ ಹತ್ತಿರದ ಬಂಧುವು ಹಿಂಜರಿಯಲು, ಬೋವಜನು ಆ ಭಾರವನ್ನು ಹೊತ್ತು ರೂತಳನ್ನು ಮದುವೆಯಾದನು. ಮಗು ಹುಟ್ಟಿದಾಗ ಮೊದಲನೆಯ ಅಧ್ಯಾಯದ ನೆರೆಯ ಹೆಂಗಸರೇ ಪುನಃ ಬಂದರು. ಏಳು ಗಂಡುಮಕ್ಕಳಿಗಿಂತ ಈ ಸೊಸೆಯು ಹೆಚ್ಚಿನವಳೆಂದು ಅವರು ನೊವೊಮಿಗೆ ಹೇಳಿದರು. ಆಕೆಯು ಲೆಕ್ಕದಲ್ಲಿ ಬಿಟ್ಟಿದ್ದವಳನ್ನು ಅವರು ಎಣಿಸಿ ತೋರಿಸಿದರು. ನೊವೊಮಿಯು ಮಗುವನ್ನು ಮಡಿಲಿಗೆ ತೆಗೆದುಕೊಂಡಳು. ಅದಕ್ಕೆ ಓಬೇದನೆಂದು ಹೆಸರಿಟ್ಟರು. ಅವನು ದಾವೀದನ ಅಜ್ಜನಾದನು. ಮತ್ತಾಯನು ಬರೆದ ನಮ್ಮ ಕರ್ತನ ವಂಶಾವಳಿಯಲ್ಲಿ ಮೋವಾಬ್ಯಳಾದ ರೂತಳ ಹೆಸರು ಸೇರಿತು.

6. ನಮ್ಮ ನಾಡಿನಲ್ಲಿ ಹುಟ್ಟಿದ ಒಬ್ಬಾಕೆಯ ಸಾಕ್ಷಿ

ನೊವೊಮಿಗೆ ಮೊಮ್ಮಗನಾದರೂ ದೊರೆತನು, ದೊರೆಯದವರ ಗತಿಯೇನು ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಗೆ ಉತ್ತರವಾಗಿ, ಬರಗಾಲವನ್ನೂ ವೈಧವ್ಯವನ್ನೂ ಪರದೇಶವಾಸವನ್ನೂ ನೊವೊಮಿಯಂತೆಯೇ ಕಂಡ ಪಂಡಿತಾ ರಮಾಬಾಯಿಯವರ ಜೀವಿತವನ್ನು ನೆನಸೋಣ. ಅವರು 1858ರಲ್ಲಿ, ತುಂಗೆಯೂ ಭದ್ರೆಯೂ ಹುಟ್ಟುವ ಗಂಗಾಮೂಲದ ಅರಣ್ಯದಲ್ಲಿ ಜನಿಸಿದರು. ತಂದೆಯಾದ ಅನಂತಶಾಸ್ತ್ರಿಗಳು ಜನರ ವಿರೋಧವನ್ನು ಲೆಕ್ಕಿಸದೆ ಹೆಂಡತಿಗೆ ಸಂಸ್ಕೃತವನ್ನು ಕಲಿಸಿದವರು. 1870ರ ದಶಕದ ಬರಗಾಲದಲ್ಲಿ ತಂದೆಯೂ ತಾಯಿಯೂ ಅಕ್ಕನೂ ತೀರಿಹೋದರು. ಅಣ್ಣನೊಡನೆ ಕಾಲುನಡೆಯಾಗಿ ದೇಶವನ್ನು ಸುತ್ತಿ 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. 1880ರಲ್ಲಿ ಆ ಅಣ್ಣನೂ ತೀರಿಹೋದನು. ಅದೇ ವರುಷ ಮದುವೆಯಾದ ಗಂಡನು 1882ರಲ್ಲಿ ಕಾಲರಾದಿಂದ ಸತ್ತನು. ಕೈಯಲ್ಲಿ ಉಳಿದದ್ದು ಮನೋರಮೆಯೆಂಬ ಎಳೆಯ ಮಗಳು.

1883ರಲ್ಲಿ ಇಂಗ್ಲೆಂಡಿನ ವಾಂಟೇಜ್ ಎಂಬಲ್ಲಿ ಅವರು ದೀಕ್ಷಾಸ್ನಾನ ಹೊಂದಿದರು. ಇದರಿಂದ ಸ್ವದೇಶದ ಅನೇಕ ಸ್ನೇಹಿತರು ದೂರವಾದರು. 1889ರಲ್ಲಿ ವಿಧವೆಯರಿಗೋಸ್ಕರ ಮುಂಬಯಿಯಲ್ಲಿ ಸ್ಥಾಪಿಸಿದ ಶಾರದಾಸದನದಿಂದ, ಅದು ಪುಣೆಗೆ ಬಂದ ಮೇಲೆ 1893ರಲ್ಲಿ ಪೋಷಕರು ಅನೇಕ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ತಾವು ಕ್ರೈಸ್ತಧರ್ಮವನ್ನು ಕಂಡುಕೊಂಡ ಎಷ್ಟೋ ವರುಷಗಳ ಮೇಲೆ ಕ್ರಿಸ್ತನನ್ನೇ ಕಂಡುಕೊಂಡೆವೆಂಬ ಅರ್ಥದಲ್ಲಿ ಅವರು 1907ರ ತಮ್ಮ ಸಾಕ್ಷಿಯಲ್ಲಿ ಬರೆದಿದ್ದಾರೆ. ದೀಕ್ಷಾಸ್ನಾನದ ದಿನದಲ್ಲಿಯೇ ಎಲ್ಲವೂ ಮುಗಿದುಹೋಗಲಿಲ್ಲ. ಸಮಾಧಾನವು ಮೆಲ್ಲಗೆ ಬೆಳೆದು ಬಂದಿತು.

ಅದರ ಫಲವು ಯಾವುದು? 1896–97ರಲ್ಲಿ ಮಧ್ಯಪ್ರಾಂತಗಳಲ್ಲಿ ಬರಗಾಲ ಬಿದ್ದಾಗ ಅವರು ತಾವಾಗಿಯೇ ಅಲ್ಲಿಗೆ ಹೋಗಿ ನೂರಾರು ಹಸಿದ ಹುಡುಗಿಯರನ್ನು ಕರತಂದರು. ಪುಣೆಗೆ ಸಮೀಪದ ಕೇಡಗಾಂವಿನಲ್ಲಿ ಮುಕ್ತಿಸದನವು ಅವರಿಗೆ ಮನೆಯಾಯಿತು. ತಂದೆತಾಯಿಗಳನ್ನು ನುಂಗಿದ ಬರಗಾಲದಿಂದಲೇ ಅವರು ಮಕ್ಕಳನ್ನು ಬಿಡಿಸಿ ತಂದರು. ಕಡೆಗೆ ತಮ್ಮ ಒಬ್ಬಳೇ ಮಗಳಾದ ಮನೋರಮೆಯನ್ನೂ 1921ರಲ್ಲಿ ಮಣ್ಣಿಗೆ ಕೊಟ್ಟರು. ಇಬ್ರಿಯ ಮತ್ತು ಗ್ರೀಕ್ ಮೂಲಗಳಿಂದ ಸತ್ಯವೇದವನ್ನು ಮರಾಠಿಗೆ ಭಾಷಾಂತರಿಸುವ ಕೆಲಸವನ್ನು ಆಗಲೂ ಬಿಡದೆ ಪೂರೈಸಿ, 1922ನೆಯ ಏಪ್ರಿಲ್ ತಿಂಗಳಲ್ಲಿ ತೀರಿಹೋದರು. ಅವರ ಮಡಿಲಿಗೆ ಮೊಮ್ಮಗುವು ಬರಲಿಲ್ಲ. ಆದರೆ ಮಡಿಲು ಬರಿದಾಗಿರಲಿಲ್ಲ.

7. ಕ್ರಿಸ್ತನಲ್ಲಿ ದೊರೆತ ಸಮಾಧಾನ

ದೇವರು ತನಗೆ ಎದುರಾಳಿಯಾದನೆಂದು ನೊವೊಮಿಯು ಭಾವಿಸಿದಳು. ಆದರೆ ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದದ್ದೇನು? ದೇವರೇ ಕ್ರಿಸ್ತನಲ್ಲಿ ಲೋಕವನ್ನು ತನ್ನೊಡನೆ ಸಮಾಧಾನಪಡಿಸಿಕೊಳ್ಳುತ್ತಿದ್ದನೆಂದು. ಮುನಿದವರು ನಾವಾಗಿರುವಲ್ಲಿ ಮೊದಲು ಎದ್ದು ಬಂದವನು ಆತನು. ಶಿಲುಬೆಯ ಮೇಲೆ ನಮ್ಮ ಕರ್ತನು, ಕೈಬಿಡಲ್ಪಟ್ಟವನ ಕೂಗನ್ನು ತಾನೇ ಕೂಗಿದನು. ಆದಕಾರಣ ನಮ್ಮ ಕಹಿಯಾದ ದೂರುಗಳೂ ಆತನಿಗೆ ಹೊಸವಲ್ಲ. ಈ ಸಮಾಧಾನವನ್ನು ಹೊಂದಿದವರಿಗೆ ಅದೇ ಸೇವೆಯನ್ನು ಒಪ್ಪಿಸಲಾಗಿದೆ. ಯಜ್ಞವೇದಿಯ ಮುಂದೆ ನಿಂತಾಗ ಸಹೋದರನ ಮನಸ್ಸಿನಲ್ಲಿ ನಮ್ಮ ಮೇಲೆ ಏನಾದರೂ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಆತನ ಬಳಿಗೆ ಹೋಗಬೇಕೆಂದು ಕರ್ತನು ಬೆಟ್ಟದ ಮೇಲೆ ಉಪದೇಶಿಸಿದನು. ದೇವರ ಬಳಿಗೆ ಹೋಗುವ ದಾರಿಯು ಸಹೋದರನ ಮನೆಯ ಮುಂದಿನಿಂದಲೇ ಹಾದುಹೋಗುತ್ತದೆ.

ಅನ್ವಯ

ಪ್ರಿಯ ಸಹೋದರಿಯರೇ, ತಂದೆತಾಯಿಗಳೇ, ಈ ಪಾಠದ ಸಾರವು ಇಷ್ಟೇ. ದೇವರೊಡನೆ ಸಮಾಧಾನವೆಂದರೆ ಕಳಕೊಂಡದ್ದು ಹಿಂದಿರುಗುವುದಲ್ಲ. ಯಾಕೆಂಬ ಪ್ರಶ್ನೆಗೆ ಉತ್ತರ ದೊರೆಯುವುದೂ ಅಲ್ಲ. ಮುನಿದ ಕೈಯನ್ನು ಬಿಚ್ಚಿ ಆತನಿಂದ ಪುನಃ ಸ್ವೀಕರಿಸುವುದೇ ಸಮಾಧಾನವು. ಆತನು ಕೊಡುವುದೂ ಬಹಳಮಟ್ಟಿಗೆ ನಮ್ಮ ಪಕ್ಕದಲ್ಲಿ ನಿಂತವರ ಕೈಯಿಂದಲೇ. ಆದುದರಿಂದ ಮನೆಯಲ್ಲಿ ಸಾವಾದವರು ತಮ್ಮ ದುಃಖವನ್ನು ದೇವರಿಗೆ ಮರೆಮಾಡದೆ ಹೇಳಲಿ. ಅವರನ್ನು ನೋಡಹೋಗುವವರು ವ್ಯಾಖ್ಯಾನವನ್ನು ಒಯ್ಯದೆ ಅಡಿಗೆಯನ್ನು ಒಯ್ಯಲಿ. ಹೊಲಮನೆಯ ಪಾಲಿಗಾಗಿ ಅಣ್ಣನೊಡನೆ ಮಾತು ಬಿಟ್ಟವರು, ಮನಸ್ಸಿಗೆ ಒಪ್ಪದ ಮದುವೆಯಾದಳೆಂದು ಮಗಳ ಹೆಸರೆತ್ತದವರು, ಸೊಸೆಯನ್ನು ಲೆಕ್ಕಕ್ಕೆ ಸೇರಿಸದವರು, ಮುಂದಿನ ಪ್ರಭುಭೋಜನಕ್ಕಿಂತ ಮುಂಚೆ ಒಂದು ಕಾಗದವನ್ನಾದರೂ ಬರೆಯಲಿ. ಉತ್ತರವು ಬಾರದೆ ಹೋದರೂ ಒರ್ಫಾಳನ್ನು ಹರಸಿದಂತೆ ಹರಸುವುದಕ್ಕೆ ಅಡ್ಡಿಯಿಲ್ಲ. ಹೃದಯವು ಇನ್ನೂ ಕಹಿಯಾಗಿದೆಯೆಂದು ಹೊರಡದೆ ಕೂತಿರಬೇಡಿರಿ. ನೊವೊಮಿಯು ಕಹಿಯಾಗಿದ್ದಾಗಲೇ ಹೊರಟಳು. ಆಕೆಯು ಬಂದು ಸೇರಿದ್ದು ಜವೆಗೋಧಿಯ ಸುಗ್ಗಿಯ ಆರಂಭದಲ್ಲಿ.

ಮನನಕ್ಕಾಗಿ ಪ್ರಶ್ನೆಗಳು

1. ದೇವರ ದಯೆಯು ಇತರರಿಗುಂಟು, ನನಗಿಲ್ಲವೆಂದು ನಾನು ಯಾವ ವಿಷಯದಲ್ಲಿ ಎಣಿಸಿಕೊಂಡಿದ್ದೇನೆ?

2. ನನ್ನ ದುಃಖದಲ್ಲಿ ನಾನು ಲೆಕ್ಕಕ್ಕೆ ಸೇರಿಸದೆ ಬಿಟ್ಟ ರೂತಳು ಯಾರು?

3. ಬೋವಜನು ಬಿಡಿಸಿದ ತೆನೆಗಳಂತೆ, ಪಡೆಯುವವರಿಗೆ ನಾಚಿಕೆಯಾಗದ ಹಾಗೆ ನಾನು ಯಾರಿಗೆ ಏನನ್ನು ಕೊಡಬಲ್ಲೆನು?

4. ನಾನು ಮೊದಲು ಎದ್ದು ಹೋಗಬೇಕಾದ ಮನೆಯು ಯಾವುದು?

ಪ್ರಾರ್ಥನೆ

ದಯಾಮಯನಾದ ತಂದೆಯೇ, ನಮ್ಮ ಬರಿಗೈಗಳನ್ನು ನೀನು ಬಲ್ಲೆ. ನಿನ್ನ ಮೇಲೆ ಮುನಿದವರನ್ನೂ ನೀನು ಕೈಬಿಡಲಿಲ್ಲ. ನಮ್ಮ ಪಕ್ಕದಲ್ಲಿ ನೀನು ನಿಲ್ಲಿಸಿದವರನ್ನು ಕಾಣುವ ಕಣ್ಣನ್ನೂ, ನಾವು ದೂರಮಾಡಿದವರ ಬಳಿಗೆ ಹೋಗುವ ಕಾಲನ್ನೂ ನಮಗೆ ದಯಪಾಲಿಸು. ಕರ್ತನಾದ ಯೇಸು ಕ್ರಿಸ್ತನ ಮೂಲಕ ಬೇಡುತ್ತೇವೆ. ಆಮೆನ್.